ಮಿತವ್ಯಯದ ಕಾಲದಲ್ಲಿ ಕಾರ್ಮಿಕರ ಭದ್ರತೆ: ಹಳೇ ಮದ್ರಾಸು ರಸ್ತೆಯ ಕಾರ್ಖಾನೆಗಳ ಅನುಭವ

ಮಿತವ್ಯಯ ನೀತಿಯೆಂದರೆ ಸರ್ಕಾರವು ತನ್ನ ಸಾಲ ಮತ್ತು ಕೊರತೆಗಳನ್ನು ಹದ್ದುಬಸ್ತಿನಲ್ಲಿಡುವ ಸಲುವಾಗಿ ವೆಚ್ಚಕ್ಕೆ ಕಡಿವಾಣ ಹಾಕಿಕೊಳ್ಳುವುದು. ಈ ಶಿಸ್ತನ್ನು ಕಾನೂನಿನ ರೂಪಕ್ಕೆ ತಂದ ಮೊದಲ ರಾಜ್ಯ ಕರ್ನಾಟಕ. 2002ರ ವಿತ್ತೀಯ ಹೊಣೆಗಾರಿಕೆ ಅಧಿನಿಯಮವು ವಿತ್ತೀಯ ಕೊರತೆಯನ್ನು ರಾಜ್ಯದ ಒಟ್ಟು ಉತ್ಪನ್ನದ ಶೇ. 3ರೊಳಗೆ ತರಬೇಕೆಂದು ವಿಧಿಸಿತು. ಇಂಥ ಕಾಲದಲ್ಲಿ ಕಾರ್ಮಿಕರ ಹಕ್ಕುಗಳನ್ನು ನೇರವಾಗಿ ರದ್ದುಪಡಿಸುವುದು ಅಪರೂಪ. ಹಕ್ಕು ಯಾವ ವರ್ಗಕ್ಕೆ ಸೇರಿದೆಯೋ ಆ ವರ್ಗದಿಂದ ಕಾರ್ಮಿಕನನ್ನು ಹೊರಗೆ ಸರಿಸುವುದು, ಇಲ್ಲವೇ ಹಕ್ಕಿಗೆ ಗೊತ್ತುಪಡಿಸಿದ ಹಣದ ಮಿತಿಯನ್ನು ಬೆಲೆಗಳು ಏರಿದರೂ ಕದಲಿಸದೆ ಬಿಡುವುದು ಹೆಚ್ಚು ರೂಢಿಯಲ್ಲಿರುವ ದಾರಿ. ಬೆಂಗಳೂರಿನ ಪೂರ್ವಭಾಗದಲ್ಲಿ ಈ ಎರಡೂ ನಡೆದಿವೆ.

ಹಲಸೂರಿನಿಂದ ಕೃಷ್ಣರಾಜಪುರದ ಕಡೆಗೆ ಸಾಗುವ ಹಳೇ ಮದ್ರಾಸು ರಸ್ತೆಯ ಆಸುಪಾಸು ಒಂದು ಕಾಲಕ್ಕೆ ಸಾರ್ವಜನಿಕ ಉದ್ಯಮಗಳ ನೆಲೆಯಾಗಿತ್ತು. ಬೈಯಪ್ಪನಹಳ್ಳಿಯಲ್ಲಿ ಜರ್ಮನಿಯ ಎಇಜಿ ಕಂಪನಿಯ ಸಹಯೋಗದಿಂದ ಬೆಳೆದ ರಾಜ್ಯ ಸರ್ಕಾರದ ಎನ್‌ಜಿಇಎಫ್ ಟ್ರಾನ್ಸ್‌ಫಾರ್ಮರು, ಮೋಟಾರುಗಳನ್ನು ತಯಾರಿಸುತ್ತಿತ್ತು. ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ಐಟಿಐ ದೇಶದ ಟೆಲಿಫೋನುಗಳನ್ನೂ ಎಕ್ಸ್‌ಚೇಂಜ್ ಉಪಕರಣಗಳನ್ನೂ ಒದಗಿಸುತ್ತಿತ್ತು. ಇಲ್ಲಿಯ ಖಾಯಂ ಕಾರ್ಮಿಕನಿಗೆ ಸಂಬಳದ ಜತೆಗೆ ತುಟ್ಟಿಭತ್ಯೆ, ಕ್ವಾರ್ಟರ್ಸು, ಆಸ್ಪತ್ರೆ, ಮಕ್ಕಳಿಗೆ ಶಾಲೆ ದೊರೆಯುತ್ತಿದ್ದುವು. ಇವು ಯಾರೂ ಕರುಣೆಯಿಂದ ಇತ್ತವಲ್ಲ. 1980ರ ಡಿಸೆಂಬರ್ ಕೊನೆಯಲ್ಲಿ ಆರಂಭವಾಗಿ 77 ದಿನ ನಡೆದ ಮುಷ್ಕರದಲ್ಲಿ ಐಟಿಐ, ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು ಬಿಎಚ್‌ಇಎಲ್‌ಗೆ ಸಮನಾದ ವೇತನಕ್ಕಾಗಿ ಒಟ್ಟಾಗಿ ಹೋರಾಡಿದ್ದರೆಂಬುದನ್ನು ನೆನೆದರೆ ಸಾಕು.

1991ರ ನಂತರ ಟೆಲಿಫೋನ್ ಉಪಕರಣಗಳ ತಯಾರಿಕೆ ಖಾಸಗಿಯವರಿಗೆ ಇನ್ನಷ್ಟು ತೆರೆದುಕೊಂಡಿತು; ಸರ್ಕಾರಿ ಖರೀದಿಯನ್ನೇ ನೆಚ್ಚಿದ್ದ ಐಟಿಐ ಸೊರಗಿತು. 1992ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ರಾಷ್ಟ್ರೀಯ ನವೀಕರಣ ನಿಧಿಯು ಕೆಲಸ ಕಳೆದುಕೊಂಡವರಿಗೆ ಹೊಸ ತರಬೇತಿ ಕೊಡಿಸುವ ಉದ್ದೇಶವನ್ನೂ ಹೊಂದಿತ್ತಾದರೂ, ಅದರ ಹಣ ಬಹುಪಾಲು ವ್ಯಯವಾದದ್ದು ಸ್ವಯಂ ನಿವೃತ್ತಿ ಯೋಜನೆಗೆ (ವಿಆರ್‌ಎಸ್), ಅಂದರೆ ಇಡಿಗಂಟು ಕೊಟ್ಟು ಕಾರ್ಮಿಕನನ್ನು ಅವಧಿಗೆ ಮೊದಲೇ ಮನೆಗೆ ಕಳಿಸುವ ವ್ಯವಸ್ಥೆಗೆ. ಈ ಹೆಸರಿನಲ್ಲಿ 'ಸ್ವಯಂ' ಎಷ್ಟಿತ್ತೆಂಬುದನ್ನು ವಿಆರ್‌ಎಸ್ ಪಡೆದವರೇ ಹೇಳಬೇಕು. ಎನ್‌ಜಿಇಎಫ್ ಶತಮಾನದ ತಿರುವಿನಲ್ಲಿ ಬಾಗಿಲು ಮುಚ್ಚಿತು. ಅದರ ಜಮೀನಿನ ಒಂದು ಭಾಗದಲ್ಲಿ ಇಂದು ಮೆಟ್ರೊ ಡಿಪೊ ಇದೆ.

ಐಟಿಐ ಉಳಿಯಿತು; 2014ರಲ್ಲಿ 4,156 ಕೋಟಿ ರೂಪಾಯಿಗೂ ಮಿಕ್ಕಿದ ಪುನಶ್ಚೇತನ ಯೋಜನೆಗೆ ಕೇಂದ್ರದ ಒಪ್ಪಿಗೆ ದೊರೆಯಿತು. ಆದರೆ ಖಾಯಂ ಕಾರ್ಮಿಕರು ನಿವೃತ್ತರಾದಂತೆಲ್ಲ ಗುತ್ತಿಗೆ ಕಾರ್ಮಿಕರ ಮೇಲಿನ ಅವಲಂಬನೆ ಹೆಚ್ಚಿತು. 2021ರ ಡಿಸೆಂಬರ್ 1ರಂದು ಅಂಥ 80 ಮಂದಿಗೆ ಕೆಲಸ ನಿರಾಕರಿಸಲಾಗಿ, ಅವರು ತಿಂಗಳುಗಟ್ಟಲೆ ಕಾರ್ಖಾನೆಯ ಗೇಟಿನ ಮುಂದೆ ಧರಣಿ ಕುಳಿತರು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಅಧಿನಿಯಮ ಹೇಳಿತ್ತು. ಆದರೆ ಸೇವಾವಧಿಯ ವಿಷಯದಲ್ಲಿ ಅಂಥ ಆಸರೆ ಇರಲಿಲ್ಲ. ಗ್ರಾಚ್ಯುಟಿಗೆ, ಎಂದರೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನದಂತೆ ಸಲ್ಲುವ ಉಪದಾನಕ್ಕೆ, ಸಾಮಾನ್ಯವಾಗಿ 5 ವರ್ಷಗಳ ಅಖಂಡ ಸೇವೆ ಬೇಕು. ಗುತ್ತಿಗೆದಾರ ಬದಲಾದಾಗ ಅದೇ ಯಂತ್ರದ ಮುಂದೆ ಅದೇ ಕೆಲಸ ಮಾಡುವವನ ಸೇವೆಯೂ ಕಾಗದದ ಮೇಲೆ ಹೊಸದಾಗಿ ಶುರುವಾಗಿಬಿಡಬಹುದು. ಗುತ್ತಿಗೆ ಪದ್ಧತಿ ನಿಷೇಧವಾದರೂ ಕಾರ್ಮಿಕ ತಾನಾಗಿಯೇ ಖಾಯಂ ಆಗುವುದಿಲ್ಲವೆಂದು 2001ರಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಗುತ್ತಿಗೆ ಬರೀ ತೋರಿಕೆಯದೆಂದು ಸಾಬೀತಾದರೆ ಮಾತು ಬೇರೆ, ಆದರೆ ಅದನ್ನು ಸಾಬೀತುಪಡಿಸಬೇಕಾದವನು ದಾಖಲೆಯೇ ಕೈಯಲ್ಲಿಲ್ಲದ ಕಾರ್ಮಿಕ.

ಎರಡನೆಯ ದಾರಿ, ಎಂದರೆ ಹಣದ ಮಿತಿಯನ್ನು ಕದಲಿಸದೆ ಬಿಡುವುದು, ಹೆಚ್ಚು ಸದ್ದಿಲ್ಲದ್ದು. ಇಂದಿರಾನಗರದಲ್ಲಿ ಇಎಸ್‌ಐ ಆಸ್ಪತ್ರೆಯಿದೆ. ಕಾರ್ಮಿಕ ಮತ್ತು ಮಾಲೀಕರ ವಂತಿಗೆಯಿಂದ ನಡೆಯುವ ಆರೋಗ್ಯ ವಿಮೆಗೆ ಸೇರಿದ್ದು ಅದು. ಈ ವಿಮೆಯ ವೇತನ ಮಿತಿ 2017ರಲ್ಲಿ 21,000 ರೂಪಾಯಿಗೆ ಏರಿದ ಮೇಲೆ ವರ್ಷಗಳ ಕಾಲ ಅಲ್ಲಿಯೇ ನಿಂತಿತು. ಸಂಬಳ ಐನೂರು ರೂಪಾಯಿ ಹೆಚ್ಚಿ ಮಿತಿ ದಾಟಿದರೆ ಆ ವಂತಿಗೆ ಅವಧಿ ಮುಗಿಯುತ್ತಲೇ ಕಾರ್ಮಿಕ ಯೋಜನೆಯಿಂದ ಹೊರಬೀಳುತ್ತಾನೆ, ಹೆಚ್ಚಿದ ಸಂಬಳದ ಹಲವು ಪಟ್ಟು ಒಂದೇ ಹೆರಿಗೆಗೋ ಶಸ್ತ್ರಚಿಕಿತ್ಸೆಗೋ ಖರ್ಚಾಗಬಹುದು. ಇದರ ನಡುವೆ 2019ರಲ್ಲಿ ಒಟ್ಟು ವಂತಿಗೆಯ ದರವನ್ನು ಶೇ. 6.5ರಿಂದ ಶೇ. 4ಕ್ಕೆ ಇಳಿಸಲಾಯಿತು, ಮಾಲೀಕರ ಪಾಲು 4.75ರಿಂದ 3.25 ಆಯಿತು.

ಭವಿಷ್ಯ ನಿಧಿಗೆ ಸೇರಿದ 1995ರ ಪಿಂಚಣಿ ಯೋಜನೆಯದೂ ಇದೇ ಕಥೆ. 2014ರಲ್ಲಿ ಗೊತ್ತಾದ 15,000 ರೂಪಾಯಿಯ ವೇತನ ಮಿತಿಯಲ್ಲೇ ಒಬ್ಬನು ಇಡೀ 33 ವರ್ಷ ದುಡಿದನೆಂದು ಭಾವಿಸಿದರೂ, ದೀರ್ಘ ಸೇವೆಗಾಗಿ ಸೇರುವ 2 ವರ್ಷಗಳನ್ನು ಕೂಡಿಸಿ, ಆ ವೇತನವನ್ನು 35ರಿಂದ ಗುಣಿಸಿ 70ರಿಂದ ಭಾಗಿಸಿದಾಗ ತಿಂಗಳಿಗೆ ಬರುವುದು 7,500 ರೂಪಾಯಿ, ಅದಕ್ಕೆ ತುಟ್ಟಿಭತ್ಯೆಯಿಲ್ಲ. ಕನಿಷ್ಠ ಪಿಂಚಣಿ 2014ರಲ್ಲಿ ಸಾವಿರ ರೂಪಾಯಿ ಎಂದು ಗೊತ್ತಾಯಿತು.

ಭದ್ರತೆಯನ್ನು ನೌಕರಿಯ ವರ್ಗಕ್ಕೆ ಬದಲಾಗಿ ದುಡಿಮೆಗೇ ಕಟ್ಟುವುದು ಇದಕ್ಕೆ ಪರಿಹಾರವಾದೀತು. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾನೂನು ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ: ಇಂದಿರಾನಗರದ ನೂರಡಿ ರಸ್ತೆಯಲ್ಲಿ ಊಟದ ಪೊಟ್ಟಣ ಹೊತ್ತು ಓಡಾಡುವವನಿಗೆ ಪ್ರತಿ ವಹಿವಾಟಿನಲ್ಲಿ ಸಲ್ಲುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯೇ ತೆರಬೇಕು. ಆತ ಖಾಯಂ ನೌಕರನೇ ಎಂಬ ಪ್ರಶ್ನೆಗೆ ಕಾಯಬೇಕಿಲ್ಲ. ದೂರವಾಣಿನಗರದಂಥ ಕಡೆ ಇದೇ ತತ್ತ್ವ ಅನ್ವಯವಾಗಬೇಕಾದರೆ ಪ್ರತಿ ಗುತ್ತಿಗೆ ಕಾರ್ಮಿಕನ ಸೇವಾ ದಾಖಲೆಯನ್ನು ಮೂಲ ಮಾಲೀಕನೇ ಇಟ್ಟು, ಗುತ್ತಿಗೆದಾರ ಬದಲಾದರೂ ವರ್ಷಗಳ ಎಣಿಕೆ ಮುಂದುವರಿಯುವಂತೆ ನಿಯಮವಾಗಬೇಕು. ಇಎಸ್‌ಐ ಹಾಗೂ ಪಿಂಚಣಿಯ ಮಿತಿಗಳು ತುಟ್ಟಿಭತ್ಯೆಯಂತೆಯೇ ಬೆಲೆ ಸೂಚ್ಯಂಕದೊಡನೆ ಪ್ರತಿವರ್ಷ ಏರಬೇಕು.