ಹೊಟ್ಟೆಗೆ ಕತ್ತಿ ಹಾಕುವವರು ಯಾರು?
(ಪುಣೆಯ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಏಳನೆಯ ಇಯತ್ತೆ ಓದಿದ ನನಗೆ ಶಸ್ತ್ರವೈದ್ಯರ ವಿದ್ಯೆಯ ಮಾತೇಕೆ ಎಂದು ನೀವು ಕೇಳಬಹುದು. ಹೊಟ್ಟೆ ನಮ್ಮದು. ಅದಕ್ಕೆ ಕತ್ತಿ ಹಾಕುವವರು ಯಾರೆಂದು ಕೇಳುವ ಹಕ್ಕೂ ನಮ್ಮದೇ.

ಈ ಊರಿನದೇ ಒಂದು ಸಂಗತಿ ಹೇಳುತ್ತೇನೆ. 1924ರ ಜನವರಿಯಲ್ಲಿ ಗಾಂಧೀಜಿ ಯರವಡಾ ಜೈಲಿನಲ್ಲಿದ್ದರು. ಅಪೆಂಡಿಕ್ಸ್ ಬೇನೆ ಬಂದು ಅವರನ್ನು ನಮ್ಮ ಸಸೂನ್ ಆಸ್ಪತ್ರೆಗೆ ತಂದರು. ಮುಂಬಯಿಯ ಡಾಕ್ಟರರು ಬರುವ ತನಕ ಕಾಯುವಂತಿರಲಿಲ್ಲ. ಗಾಂಧೀಜಿ ಒಪ್ಪಿಗೆಯ ಹೇಳಿಕೆಯನ್ನು ಶ್ರೀನಿವಾಸ ಶಾಸ್ತ್ರಿಗಳಿಂದ ಬರೆಯಿಸಿ, ಓದಿಸಿ ಕೇಳಿ, ಆಮೇಲೆ ಸಹಿ ಹಾಕಿದರು. 12ನೆಯ ತಾರೀಖಿನ ರಾತ್ರಿ ಕರ್ನಲ್ ಮ್ಯಾಡಕ್ ಎಂಬ ಆಂಗ್ಲ ಶಸ್ತ್ರವೈದ್ಯರು ಆಪರೇಶನ್ ಮಾಡುತ್ತಿರುವಾಗ ವಿದ್ಯುತ್ ದೀಪ ಆರಿಹೋಯಿತು. ಲಾಟೀನಿನ ಬೆಳಕಿನಲ್ಲಿ ಕೆಲಸ ಮುಗಿಸಿದರು. ದೀಪ ಆರಿದರೂ ಕೈ ತಪ್ಪಲಿಲ್ಲ. ಪಳಗಿದ ಕೈ ಎಂದರೆ ಅದು.

ಈ ಕೈ ಪಳಗುವುದು ಹೇಗೆ? ಲೋಟ ತೊಳೆಯುವ ಹುಡುಗನನ್ನು ಮರುದಿನವೇ ದೋಸೆಕಲ್ಲಿನ ಮುಂದೆ ನಿಲ್ಲಿಸುತ್ತೇವೆಯೇ? ಇಲ್ಲ. ಅಲ್ಲಿಯೂ ಹಾಗೆಯೇ. ಎಂ.ಬಿ.ಬಿ.ಎಸ್. ಓದಿಗೆ ನಾಲ್ಕೂವರೆ ವರ್ಷ, ಆಸ್ಪತ್ರೆಯ ಚಾಕರಿಗೆ ಒಂದು ವರ್ಷ. ಅನಂತರ ಎಂ.ಎಸ್. ಎಂಬ ಶಸ್ತ್ರವಿದ್ಯೆಗೆ ಮೂರು ವರ್ಷ. ಅಷ್ಟಾದವರು ಜನರಲ್ ಸರ್ಜನ್. ಹರ್ನಿಯಾ, ಅಪೆಂಡಿಕ್ಸ್, ಪಿತ್ತಕೋಶದ ಕಲ್ಲು ಅವರ ದಿನನಿತ್ಯದ ಕೆಲಸ. ಜಠರ, ಕರುಳು, ಯಕೃತ್ತುಗಳ ದೊಡ್ಡ ಆಪರೇಶನ್ನಿಗೆಂದೇ ಮತ್ತೆ ಮೂರು ವರ್ಷ ಕಲಿತವರು ಎಂ.ಸಿಎಚ್. ಅಂದರೆ ಹನ್ನೊಂದೂವರೆ ವರ್ಷ! ಡಿ.ಎನ್.ಬಿ. ಎಂಬುದು ಎಂ.ಎಸ್.ಗೆ ಸರಿಸಮಾನ. 'ಎಫ್' ಎಂದು ಶುರುವಾಗುವ ಅಕ್ಷರಗಳನ್ನು ಮಾತ್ರ ವಿಚಾರಿಸಿಕೊಳ್ಳಿರಿ. ವಿಲಾಯತಿಯ ಎಫ್.ಆರ್.ಸಿ.ಎಸ್. ಕಠಿಣ ಪರೀಕ್ಷೆ, ಬೇರೆ ಕೆಲವು ಅಲ್ಪಕಾಲದ ತರಬೇತಿಯವು.

ಕಲಿಕೆ ಪದವಿಗೆ ನಿಲ್ಲುವುದಿಲ್ಲ. ದುರ್ಬೀನಿನಿಂದ ಪಿತ್ತಕೋಶ ತೆಗೆಯುವ ವಿದ್ಯೆಯನ್ನು ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಮಾಡಿ ತೋರಿಸಿದರು. 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅದನ್ನು ಭಾರತದಲ್ಲಿ ಮೊದಲು ಮಾಡಿದರು. ಜೆ.ಜೆ. ಸರಕಾರಿ ಆಸ್ಪತ್ರೆ, ಬಡವರ ಆಸ್ಪತ್ರೆ, ಎಂಬುದನ್ನು ನೆನಪಿಡಿರಿ.

ನಾನು ಸಪ್ಲಾಯರ್ ಆಗಿದ್ದ ಒಂದು ಹೋಟೆಲಿನಲ್ಲಿ ಕ್ಲೀನರ್ ಹುಡುಗನಿಗೆ ಹೊಕ್ಕುಳ ಸುತ್ತ ನೋವು ಬಂತು. ಮರುದಿನ ಅದು ಬಲಗಡೆ ಕೆಳಕ್ಕೆ ಇಳಿಯಿತು. ಮಾಲೀಕರು "ಗ್ಯಾಸು" ಎಂದು ಸೋಡಾ ಕುಡಿಸಿ ಕೆಲಸಕ್ಕೆ ಹಚ್ಚಿದರು. ಮೂರನೆಯ ದಿನ ಅಪೆಂಡಿಕ್ಸ್ ಒಡೆದಿತ್ತು. ಹುಡುಗ ಬದುಕಿದ, ಆದರೆ ತಿಂಗಳುಗಟ್ಟಲೆ ಮಲಗಿದ. ಏಳುವಷ್ಟರಲ್ಲಿ ಅವನ ಜಾಗದಲ್ಲಿ ಬೇರೊಬ್ಬನಿದ್ದ. ಹೊತ್ತಿಗೆ ಸರಿಯಾಗಿ ಹೋಗಿದ್ದರೆ ನಾಲ್ಕಾರು ದಿನದ ಮಾತಾಗಿತ್ತು.

ಆದುದರಿಂದ ಬಾಂಧವರೇ, ಅಂಥ ನೋವು ಬಂದರೆ ಸೋಡಾ ಬೇಡ, ಆಸ್ಪತ್ರೆಗೆ ನಡೆಯಿರಿ. ಪ್ರಾಣಕ್ಕೆ ಬಂದಿರುವಾಗ ಪದವಿ ಕೇಳುತ್ತ ಕೂಡಬೇಡಿರಿ. ಸಸೂನ್ ಹಗಲಿರುಳೂ ತೆರೆದಿದೆ. ಸಮಯವಿರುವ ಆಪರೇಶನ್ನಿಗೆ ಮಾತ್ರ ನಾಲ್ಕು ಮಾತು ಕೇಳಿರಿ. ನಿಮ್ಮ ಪದವಿ ಯಾವುದು? ಮೆಡಿಕಲ್ ಕೌನ್ಸಿಲಿನ ನೋಂದಣಿ ಸಂಖ್ಯೆ ಎಷ್ಟು? (ಅದು ಔಷಧದ ಚೀಟಿಯ ಮೇಲೆಯೇ ಇರಬೇಕು.) ಈ ಆಪರೇಶನ್ ಎಷ್ಟು ಸಲ ಮಾಡಿದ್ದೀರಿ? ಮಾಡದಿದ್ದರೆ ಏನಾದೀತು? ಒಳ್ಳೆಯ ಡಾಕ್ಟರು ಇದಕ್ಕೆ ಸಿಟ್ಟಾಗುವುದಿಲ್ಲ. ಮರಾಠಿ ಬಾರದಿದ್ದರೆ ಬಲ್ಲವರನ್ನು ಕರೆದೊಯ್ಯಿರಿ. ಕಾಗದ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿರಿ.

ಹಣದ ಮಾತು. ಇ.ಎಸ್.ಐ. ಇದ್ದವರು ಕಾರ್ಡನ್ನು ಜೇಬಿನಲ್ಲಿಡಿರಿ. ಮಹಾರಾಷ್ಟ್ರದ ಧರ್ಮಾರ್ಥ ಆಸ್ಪತ್ರೆಗಳು ನೂರಕ್ಕೆ 10 ಹಾಸಿಗೆಗಳನ್ನು ನಿರ್ಗತಿಕರಿಗೆ ಪುಕ್ಕಟೆಯಾಗಿ, ಇನ್ನೂ 10 ಹಾಸಿಗೆಗಳನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಇಡಬೇಕೆಂಬ ನಿಯಮವಿದೆ. ಇದು ಭಿಕ್ಷೆಯಲ್ಲ, ಕಾನೂನು. ಕೇಳುವವರಿಲ್ಲದಿದ್ದರೆ ಕಾನೂನು ಕಪಾಟಿನಲ್ಲೇ ಉಳಿಯುತ್ತದೆ. ಒಬ್ಬರಿಗೆ ಕೇಳಲು ಅಳುಕಾದರೆ ಸಂಘಕ್ಕೆ ಬನ್ನಿರಿ, ಇಬ್ಬರಾಗಿ ಹೋಗಿ ಕೇಳೋಣ.