ಅಣಬೆಯೂ ಕಾಳೂ



ಮಾಂಸದ ಸತ್ವವನ್ನೆಲ್ಲ ಅಣಬೆ ಕೊಡುವುದೆಂಬ ಮಾತನ್ನು ಕೊಂಢವಾದಲ್ಲಿರುವ ನಾವೂ ಕೇಳುತ್ತೇವೆ. ಇಲ್ಲಿನ ಮರಾಠಿಗರು ಅದನ್ನು ಅಳಂಬಿ ಎನ್ನುತ್ತಾರೆ. ಕೈಯ ಕಾಸು ಬಿಚ್ಚುವ ಮುನ್ನ ಲೆಕ್ಕ ನೋಡೋಣ.

100 ಗ್ರಾಂ ಹಸಿ ಅಣಬೆಯಲ್ಲಿ ಸುಮಾರು 90 ಗ್ರಾಂ ನೀರೇ. ಪ್ರೋಟೀನು ಸುಮಾರು 3 ಗ್ರಾಂ. ಅಷ್ಟೇ ತೂಕದ ಒಣ ಹುರುಳಿ, ತೊಗರಿಯಲ್ಲಿ 20 ಗ್ರಾಮಿಗೂ ಹೆಚ್ಚು. ಎಣ್ಣೆ ತೆಗೆದ ಸೋಯಾ ಉಂಡೆಯಲ್ಲಿ ಸುಮಾರು 50. ಬೆಂದ ಕಾಳು ನೀರು ಕುಡಿದು ಉಬ್ಬುವುದು ನಿಜ. ಆದರೂ ಗೆಲ್ಲುವುದು ಕಾಳೇ. 60 ಕಿಲೊ ತೂಗುವವರಿಗೆ ದಿನಕ್ಕೆ ಬೇಕಾದ ಪ್ರೋಟೀನು ಸುಮಾರು 50 ಗ್ರಾಂ. ಜೋಳದ ರೊಟ್ಟಿಯ ಕೊರತೆಯನ್ನು ಕಾಳು ತುಂಬುತ್ತದೆ, ಕಾಳಿನದನ್ನು ರೊಟ್ಟಿ. ಬಿ-12 ಜೀವಸತ್ವ ಮಾತ್ರ ಕಾಳಿನಲ್ಲಿಲ್ಲ. ಆದ್ದರಿಂದ ಹಾಲು ಮೊಸರು ಬಿಡಬಾರದು.

ಅಣಬೆಯನ್ನು ರುಚಿಗೆಂದು ಧಾರಾಳವಾಗಿ ತಿನ್ನೋಣ. ಆದರೆ ಬೆಳೆಸಿದ್ದನ್ನೇ ತಿನ್ನೋಣ. ಅದರ ಬೇಸಾಯವನ್ನು ಪುಣೆಯ ಕೃಷಿ ಕಾಲೇಜೂ ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯೂ ಕಲಿಸುತ್ತವೆ. ಮಳೆಗಾಲದಲ್ಲಿ ಗುಡ್ಡದ ಮೇಲೆ ಪುಕ್ಕಟೆ ಸಿಕ್ಕಿತೆಂದು ಗುರುತಿಲ್ಲದ ಅಣಬೆ ಕಿತ್ತು ತರುವುದು ಬೇಡ. ಬೆಳ್ಳಿ ಕಪ್ಪಾಗದಿದ್ದರೆ ವಿಷವಿಲ್ಲವೆಂಬ ನಂಬಿಕೆ ಸುಳ್ಳು. ಕೆಲವು ಅಣಬೆಗಳ ವಿಷ ಕುದಿಸಿದರೂ ಹೋಗದು. ವಾಂತಿ ಭೇದಿ ನಿಂತು ಗುಣವಾಯಿತೆನ್ನುವಾಗಲೇ ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಅಂಥವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಊರು ಬಿಟ್ಟು ದುಡಿಯಬಂದ ನಮಗೆ ಮೈಯೇ ಬಂಡವಾಳ. ಅದನ್ನು ಕಾಳಿನಿಂದ ಕಾಯೋಣ.