ಆಸ್ತಿಯ ಓಟು, ಆಳಿನ ಓಟು
(ಯಶವಂತಪುರದಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಅಧ್ಯಕ್ಷರೇ, ಕಾರ್ಮಿಕ ಬಂಧುಗಳೇ, ಅಂಗಡಿ ವ್ಯಾಪಾರದ ಮಿತ್ರರೇ, ಹಿಂದೆ ಚಾಪೆಯ ಮೇಲೆ ಕುಳಿತಿರುವ ತಾಯಂದಿರೇ, ಸೋದರಿಯರೇ,

ಚಾಪೆಯ ಮಾತನ್ನು ಬೇಕೆಂದೇ ಎತ್ತಿದೆ. ನಮ್ಮ ಸಭೆಗಳಲ್ಲಿ ಕುರ್ಚಿ ಬೆಂಚುಗಳು ಗಂಡಸರಿಗೆ, ಚಾಪೆ ಹೆಂಗಸರಿಗೆ ಎಂಬುದು ಯಾರೂ ಬರೆದಿಡದೆ ಎಲ್ಲರೂ ಪಾಲಿಸುವ ಕಾನೂನು. "ಹೆಂಗಸರಿಗೆ ಓಟು ಕೊಟ್ಟಾಯಿತಲ್ಲ, ಇನ್ನೇನು ಬೇಕಂತೆ?" ಎಂದು ಕೇಳುವವರೂ ನಮ್ಮೊಳಗೇ ಇದ್ದಾರೆ. ಆ ಓಟನ್ನು ಕೊಟ್ಟವರು ಯಾರು, ಕೇಳಿ ಪಡೆದವರು ಯಾರು, ಯಾವ ಹೆಂಗಸಿಗೆ ಮೊದಲು ಸಿಕ್ಕಿತು, ಯಾವ ಹೆಂಗಸು ಕಾಯಬೇಕಾಯಿತು ಎಂಬುದನ್ನು ವಿಚಾರ ಮಾಡಿದರೆ ಈ ಪ್ರಶ್ನೆ ಕೇಳಲು ನಾಲಗೆ ಏಳುವುದಿಲ್ಲ. ಈ ಸಂಜೆ ಆ ವಿಚಾರವನ್ನೇ ನಿಮ್ಮ ಮುಂದಿಡಬೇಕೆಂದಿದ್ದೇನೆ.

ನಮ್ಮ ಹಳೇ ಮೈಸೂರು ಸಂಸ್ಥಾನದಿಂದಲೇ ಆರಂಭಿಸೋಣ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಅದು ಹೆಮ್ಮೆಪಡಬೇಕಾದ ಸಂಗತಿಯೇ, ಸಂದೇಹವಿಲ್ಲ. ಆದರೆ ಮೊದಲ ಸಭೆಗೆ ಬಂದು ಕುಳಿತ 144 ಮಂದಿ ಯಾರು? ಜಮೀನುದಾರರು ಮತ್ತು ವರ್ತಕರು. ಸಭೆಯ ಹೆಸರಿನಲ್ಲಿ ಪ್ರಜೆ ಇದ್ದ. ಆ ಕಾಲದ ಲೆಕ್ಕದಲ್ಲಿ ಪ್ರಜೆ ಎಂದರೆ ಕಂದಾಯ ಕಟ್ಟುವ ಗಂಡಸು. ಹೊಲ ಉಳುವ ಆಳಿಗೂ ನೂಲು ತೆಗೆಯುವ ಹೆಣ್ಣಿಗೂ ಅಲ್ಲಿ ಜಾಗವಿರಲಿಲ್ಲ.

ನಲವತ್ತು ವರ್ಷ ಹೀಗೇ ನಡೆಯಿತು. 1923ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಬ್ರಜೇಂದ್ರನಾಥ ಸೀಲ್ ಅವರ ಸಮಿತಿಯ ವರದಿಯ ನಂತರ ನಿಯಮಗಳು ಬದಲಾದವು. ಹೆಣ್ಣಾದ ಮಾತ್ರಕ್ಕೆ ಓಟಿಲ್ಲ ಎಂಬ ಅಡ್ಡಿಯನ್ನು ತೆಗೆದುಹಾಕಲಾಯಿತು. ಪಕ್ಕದ ಮದ್ರಾಸ್ ಮತ್ತು ಮುಂಬಯಿ ಪ್ರಾಂತಗಳಲ್ಲಿ 1921ರಲ್ಲೇ ಇದು ಆಗಿತ್ತು. ಆದರೆ ಒಂದು ಮಾತು ಗಮನಿಸಿ. ಹೆಣ್ಣೆಂಬ ಅಡ್ಡಿ ಹೋಯಿತೇ ಹೊರತು ಆಸ್ತಿಯ ಅಳತೆ ಹೋಗಲಿಲ್ಲ. ಇಷ್ಟು ಕಂದಾಯ ಕಟ್ಟಬೇಕು, ಇಷ್ಟು ತೆರಿಗೆ ಕೊಡಬೇಕು, ಇಲ್ಲವೇ ಓದಿರಬೇಕು. ಆಗಿನ ಹಿಂದೂ ಧರ್ಮಶಾಸ್ತ್ರದ ಪ್ರಕಾರ ಮಗಳಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ, ವಿಧವೆಗೆ ಅನ್ನಬಟ್ಟೆ ಮಾತ್ರ. ಆಸ್ತಿ ಇದ್ದವರಿಗೆ ಓಟು ಎಂದು ಒಂದು ಕಾನೂನು, ಹೆಂಗಸಿಗೆ ಆಸ್ತಿ ಇಲ್ಲ ಎಂದು ಇನ್ನೊಂದು ಕಾನೂನು. ಎರಡನ್ನೂ ಕೂಡಿಸಿ ನೋಡಿದರೆ ಉಳಿಯುವುದು ಸೊನ್ನೆ.

ಹಾಗಾದರೆ ಈ ಹಕ್ಕನ್ನು ಕೇಳಿದವರು ಯಾರೂ ಇರಲಿಲ್ಲವೇ? ಇದ್ದರು. 1917ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮಂತ್ರಿ ಮಾಂಟೆಗು ಮದ್ರಾಸಿಗೆ ಬಂದಾಗ, ಸರೋಜಿನಿ ನಾಯ್ಡು ಅವರ ಮುಂದಾಳತನದಲ್ಲಿ ಹೆಂಗಸರ ನಿಯೋಗವೊಂದು ಹೋಗಿ, ಗಂಡಸರಿಗೆ ಕೊಡುವ ಓಟನ್ನೇ ನಮಗೂ ಕೊಡಿ ಎಂದು ಕೇಳಿತು. ಅದನ್ನು ಏರ್ಪಡಿಸಿದವರಲ್ಲಿ ಮಾರ್ಗರೆಟ್ ಕಸಿನ್ಸ್ ಮುಖ್ಯರು. ಐರ್ಲೆಂಡಿನ ಹೆಣ್ಣುಮಗಳು, ಓಟಿಗಾಗಿ ತಮ್ಮ ನಾಡಿನಲ್ಲಿ ಜೈಲು ಕಂಡು ಬಂದವರು. ಮುಂದೆ ಮಂಗಳೂರಿನಲ್ಲಿ ಹೆಣ್ಣುಮಕ್ಕಳ ಶಾಲೆಯ ಮುಖ್ಯಸ್ಥೆಯಾಗಿಯೂ ಕೆಲಸ ಮಾಡಿದರು.

ಇತ್ತ ಕನ್ನಡ ನಾಡಿನಲ್ಲಿ ಲೇಖನಿ ಹಿಡಿದ ಹೆಂಗಸರು ನೆಲ ಹದ ಮಾಡುತ್ತಿದ್ದರು. ನಂಜನಗೂಡಿನ ತಿರುಮಲಾಂಬ ಅವರು 'ಕರ್ಣಾಟಕ ನಂದಿನಿ' ಎಂಬ ಪತ್ರಿಕೆ ನಡೆಸಿದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 1921ರಲ್ಲಿ 'ಸರಸ್ವತಿ' ಪತ್ರಿಕೆ ಆರಂಭಿಸಿ ದಶಕಗಳ ಕಾಲ ಕೈಬಿಡದೆ ನಡೆಸಿದರು. ಇಬ್ಬರೂ ಬಾಲವಿಧವೆಯರು. ಮನೆಯ ಮೂಲೆಯಲ್ಲಿ ಕೂರು ಎಂದು ಸಮಾಜ ಹೇಳಿದ ಹೆಣ್ಣುಮಕ್ಕಳೇ ನಾಡಿಗೆಲ್ಲ ಕೇಳುವಂತೆ ಮಾತನಾಡಿದರು.

ಮೂರನೆಯವರ ಹೆಸರು ಕಮಲಾದೇವಿ ಚಟ್ಟೋಪಾಧ್ಯಾಯ. ಇವರ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಹೆಸರು ಬಂಗಾಳದ್ದು, ಮಗಳು ನಮ್ಮ ಮಂಗಳೂರಿನವಳು. ಹುಟ್ಟಿದ್ದು 1903ರಲ್ಲಿ. ತಂದೆ ಸರ್ಕಾರದ ದೊಡ್ಡ ಅಧಿಕಾರಿ. ಕಮಲಾದೇವಿ ಚಿಕ್ಕ ಹುಡುಗಿಯಾಗಿದ್ದಾಗಲೇ ತಂದೆ ಉಯಿಲು ಬರೆಯದೆ ತೀರಿಕೊಂಡರು. ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನ ಪಾಲಾಯಿತು. ಹೆಂಡತಿ ಗಿರಿಜಾಬಾಯಿಯವರಿಗೂ ಮಗಳಿಗೂ ಒಂದು ಗುಂಟೆ ಇಲ್ಲ. ತಿಂಗಳಿಗಿಷ್ಟು ಎಂದು ಜೀವನಾಂಶ ಕೊಡಲು ಬಂದರೆ ಆ ತಾಯಿ ಬೇಡವೆಂದರು. ಆಸ್ತಿ ಮತ್ತು ಹೆಣ್ಣು ಎಂಬ ಪಾಠವನ್ನು ಕಮಲಾದೇವಿ ಪುಸ್ತಕದಲ್ಲಿ ಓದಬೇಕಾಗಿರಲಿಲ್ಲ. ಚಿಕ್ಕ ವಯಸ್ಸಿಗೇ ಮದುವೆ, ಚಿಕ್ಕ ವಯಸ್ಸಿಗೇ ವೈಧವ್ಯ. ಲೋಕದ ಮಾತಿಗೆ ಕಿವಿಗೊಡದೆ ಓದು ಮುಂದುವರಿಸಿದರು, ಜಾತಿ ಭಾಷೆಗಳ ಗಡಿ ದಾಟಿ ಮರುಮದುವೆಯಾದರು. ಹುಬ್ಬಳ್ಳಿಯ ಹರ್ಡೀಕರರು ಕಟ್ಟಿದ ಸೇವಾದಳದಲ್ಲಿ ಉಮಾಬಾಯಿ ಕುಂದಾಪುರ ಅವರಂತೆ ಇವರೂ ಮಹಿಳಾ ಸ್ವಯಂಸೇವಕರನ್ನು ತಯಾರು ಮಾಡಿದರು.

1921ರಲ್ಲಿ ಮದ್ರಾಸಿನ ಹೆಂಗಸರಿಗೆ ಓಟು ಹಾಕುವ ಹಕ್ಕು ಬಂದರೂ ಚುನಾವಣೆಗೆ ನಿಲ್ಲುವ ಹಕ್ಕು ಬಂದಿರಲಿಲ್ಲ. ನೀನು ಆರಿಸಬಹುದು, ಆದರೆ ಆರಿಸಿ ಬರಕೂಡದು! ಆ ಬಾಗಿಲು ತೆರೆದದ್ದು 1926ರಲ್ಲಿ. ತೆರೆದ ವರ್ಷವೇ, ಕಸಿನ್ಸ್ ಅವರ ಒತ್ತಾಯದ ಮೇಲೆ, ಇಪ್ಪತ್ತಮೂರು ವರ್ಷದ ಕಮಲಾದೇವಿ ಮಂಗಳೂರಿನಿಂದ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿದರು. ದೇಶದಲ್ಲೇ ಚುನಾವಣಾ ಕಣಕ್ಕಿಳಿದ ಮೊದಲ ಹೆಂಗಸರಲ್ಲಿ ಅವರೊಬ್ಬರು. ಪ್ರಚಾರಕ್ಕೆ ಸಿಕ್ಕಿದ ದಿನಗಳು ಕೆಲವೇ. ಸೋತರು, ಆದರೆ ಬಹಳ ಕಡಿಮೆ ಓಟಿನಿಂದ ಸೋತರು. ಓಟು ಇದ್ದವರು ಯಾರೆಂದು ನೆನಪಿಸಿಕೊಳ್ಳಿ. ಜಮೀನು ಉಳ್ಳವರು, ತೆರಿಗೆ ಕಟ್ಟುವವರು. ಅಂಥವರಲ್ಲೇ ಇಷ್ಟು ಜನ ಒಬ್ಬ ಹೆಣ್ಣಿಗೆ ಓಟು ಹಾಕಿದರು. ಹಂಚಿನ ಕಾರ್ಖಾನೆಯ ಹೆಣ್ಣಾಳುಗಳಿಗೂ ಬೀಡಿ ಕಟ್ಟುವವರಿಗೂ ಓಟಿದ್ದಿದ್ದರೆ ಫಲಿತಾಂಶ ಏನಾಗುತ್ತಿತ್ತು ಎಂದು ನೀವೇ ಊಹಿಸಿ.

ಸೋತ ಮೇಲೆ ಅವರು ಮನೆಯಲ್ಲಿ ಕೂರಲಿಲ್ಲ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರೂ ಕಾನೂನು ಮುರಿಯಲು ಅವಕಾಶವಿರಬೇಕೆಂದು ಹಟ ಹಿಡಿದು, ಮುಂಬಯಿಯ ಷೇರುಪೇಟೆಯ ಒಳಕ್ಕೇ ಹೋಗಿ ಉಪ್ಪು ಮಾರಿ ಜೈಲಿಗೆ ಹೋದರು. 1936ರಲ್ಲಿ ಮೀರತ್‌ನಲ್ಲಿ ಸೇರಿದ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧಿವೇಶನಕ್ಕೆ ಅಧ್ಯಕ್ಷೆಯಾದರು. ಸ್ವಾತಂತ್ರ್ಯದ ನಂತರ ನೇಕಾರರು ಮತ್ತು ಕುಶಲಕರ್ಮಿಗಳ ಸಂಘಟನೆಗೆ ತಮ್ಮ ಜೀವನವನ್ನೇ ಕೊಟ್ಟರು. ತೀರಿಕೊಂಡದ್ದು 1988ರಲ್ಲಿ.

ಬಂಧುಗಳೇ, ಇದು ನಮ್ಮ ದೇಶದ ಹಣೆಬರಹ ಮಾತ್ರ ಎಂದು ತಿಳಿಯಬೇಡಿ. ಇಂದು ಎಲ್ಲರೂ ಹೊಗಳುವ ಸ್ವೀಡನ್ ದೇಶವನ್ನು ನೋಡಿ. ಅಲ್ಲಿ 1862ರಲ್ಲೇ ತೆರಿಗೆ ಕಟ್ಟುವ ಅವಿವಾಹಿತೆಯರಿಗೂ ವಿಧವೆಯರಿಗೂ ಊರಿನ ಚುನಾವಣೆಯಲ್ಲಿ ಓಟು ಸಿಕ್ಕಿತ್ತು. ಆದರೆ ಎಷ್ಟು ಆದಾಯವೋ ಅಷ್ಟು ಓಟು ಎಂಬ ಲೆಕ್ಕವಿತ್ತು. ಗಂಡನಿದ್ದವಳಿಗೆ ಓಟಿರಲಿಲ್ಲ, ಕೂಲಿಯವಳಿಗೂ ಇರಲಿಲ್ಲ. ಪಾರ್ಲಿಮೆಂಟಿಗೆ ಓಟು ಹಾಕುವ ಹಕ್ಕಿಗಾಗಿ ಅಲ್ಲಿನ ಹೆಂಗಸರು ಊರೂರಿಗೆ ಹೋಗಿ ಸಂಘ ಕಟ್ಟಬೇಕಾಯಿತು. 1919ರಲ್ಲಿ ಪಾರ್ಲಿಮೆಂಟು ಒಪ್ಪಿ, 1921ರ ಚುನಾವಣೆಯಲ್ಲಿ ಐವರು ಹೆಂಗಸರು ಗೆದ್ದು ಬಂದರು. ಆ ಐವರು ಯಾರೆಂದು ಕೇಳಿ. ಆಗ್ದಾ ಓಸ್ಟ್‌ಲುಂಡ್ ಬಟ್ಟೆ ಹೊಲಿದು ಬದುಕಿದವರು. ಕೆರ್ಸ್ಟಿನ್ ಹೆಸೆಲ್‌ಗ್ರೆನ್ ಕಾರ್ಖಾನೆಗಳ ಇನ್ಸ್‌ಪೆಕ್ಟರ್ ಆಗಿ ಹೆಣ್ಣಾಳುಗಳ ಕಷ್ಟ ಕಣ್ಣಾರೆ ಕಂಡವರು. ಒಬ್ಬರು ನರ್ಸು, ಒಬ್ಬರು ಫೋಟೋ ತೆಗೆಯುವವರು, ಒಬ್ಬರು ಮಾತ್ರ ಜಮೀನಿನ ಒಡತಿ. ಅಂಥ ದೇಶದಲ್ಲೂ ಬಡವರ ಪರಿಹಾರದ ಹಣ ಪಡೆದು ಬದುಕುವವರಿಗೆ 1945ರವರೆಗೆ ಓಟಿರಲಿಲ್ಲ. ಆಸ್ತಿಯ ಅಳತೆಗೋಲು ಸುಲಭಕ್ಕೆ ಮುರಿಯುವಂಥದ್ದಲ್ಲ.

ನಮ್ಮಲ್ಲಿ ಅದನ್ನು ಮುರಿಯಲು 1931ರಲ್ಲಿ ಮಹಿಳಾ ಸಂಘಗಳು ಒಟ್ಟಾಗಿ, ವಯಸ್ಸಿಗೆ ಬಂದ ಎಲ್ಲರಿಗೂ ಓಟು ಕೊಡಿ, ನಮಗೆ ಬೇರೆ ರಿಯಾಯಿತಿ ಬೇಡ ಎಂದು ಕೇಳಿದವು. ಬ್ರಿಟಿಷರು 1935ರ ಕಾನೂನಿನಲ್ಲಿ ಕೊಟ್ಟದ್ದು ಬೇರೆ. ಆಸ್ತಿವಂತನ ಹೆಂಡತಿಗೆ ಓಟು, ಓದು ಬರಹ ಬಲ್ಲವಳಿಗೆ ಓಟು. ಗಂಡನ ಆಸ್ತಿಯ ನೆರಳಿನಲ್ಲಿ ನಿಂತರೆ ಓಟು, ಸ್ವಂತ ಬೆವರಿನ ಬಿಸಿಲಿನಲ್ಲಿ ನಿಂತವಳಿಗೆ ಇಲ್ಲ. ಈ ನಡುವೆ ಮೈಸೂರಿನಲ್ಲಿ 1933ರಲ್ಲಿ ಹಿಂದೂ ಹೆಂಗಸರ ಆಸ್ತಿ ಹಕ್ಕಿನ ಕಾನೂನು ಬಂದದ್ದು ದೊಡ್ಡ ಹೆಜ್ಜೆ. ಆದರೂ ಹೆಣ್ಣುಮಗಳು ಗಂಡುಮಗನಿಗೆ ಸರಿಸಮಾನವಾಗಿ ಪಿತ್ರಾರ್ಜಿತದಲ್ಲಿ ಪಾಲು ಪಡೆಯಲು ಕರ್ನಾಟಕದಲ್ಲಿ 1994ರವರೆಗೆ, ದೇಶದಲ್ಲಿ 2005ರವರೆಗೆ ಕಾಯಬೇಕಾಯಿತು.

ಕೊನೆಗೆ ಆಸ್ತಿಯ ಓಟನ್ನು ಕಿತ್ತುಹಾಕಿ ಆಳಿನ ಓಟನ್ನು ತಂದದ್ದು 1950ರ ಸಂವಿಧಾನ. ಮಿಲ್ಲಿನ ಒಡೆಯನಿಗೂ ಒಂದೇ, ಮಿಲ್ಲಿನ ಕಸ ಗುಡಿಸುವವಳಿಗೂ ಒಂದೇ. ಆದರೆ 1951-52ರ ಮೊದಲ ಚುನಾವಣೆಯಲ್ಲಿ ಏನಾಯಿತು? ಪಟ್ಟಿ ಬರೆಯಲು ಹೋದವರಿಗೆ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಹೇಳಿದರು. ಚುನಾವಣಾ ಕಮಿಷನರ್ ಸುಕುಮಾರ್ ಸೇನ್ ಅವರು ಸ್ವಂತ ಹೆಸರಿಲ್ಲದೆ ಓಟಿಲ್ಲ ಎಂದು ಕಟ್ಟುನಿಟ್ಟು ಮಾಡಿದರು. ದೇಶದಲ್ಲಿ, ಹೆಚ್ಚಾಗಿ ಉತ್ತರದ ಪ್ರಾಂತಗಳಲ್ಲಿ, ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಬಿಟ್ಟುಹೋದರು. ಅದು ಉತ್ತರದವರ ಕಥೆ ಎಂದು ನಗಬೇಡಿ. ನಾನು ಮೇಷ್ಟರಾಗಿದ್ದಾಗ ಮಗುವನ್ನು ಶಾಲೆಗೆ ಸೇರಿಸಲು ಬಂದ ತಾಯಿಯ ಹೆಸರು ಕೇಳಿದರೆ, "ನನ್ನೆಸರು ಯಾಕೆ ಸ್ವಾಮಿ, ಅವರಪ್ಪನ ಹೆಸರು ಬರ್ಕೊಳ್ಳಿ" ಎಂದು ಎಷ್ಟು ಜನ ಹೇಳಿದ್ದಾರೋ ಲೆಕ್ಕವಿಲ್ಲ.

ಇನ್ನು ಇಂದಿನ ಸ್ಥಿತಿಗೆ ಬರೋಣ. ಮಲ್ಲೇಶ್ವರದ ರಾಜಾ ಮಿಲ್ ಇದ್ದ ಜಾಗದಲ್ಲಿ ಈಗ ಮಾಲ್ ನಿಂತಿದೆ. ನೂಲಿನ ಕೆಲಸ ಹೋಗಿ ಹೊಲಿಗೆಯ ಕೆಲಸ ಬಂತು. ಪೀಣ್ಯದ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಮೆಷಿನ್ ತುಳಿಯುವವರಲ್ಲಿ ಹೆಚ್ಚಿನವರು ಹೆಂಗಸರು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿ.ಎಫ್. ನಿಯಮ ಬದಲಿಸಿ, ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಮಗಳ ಮದುವೆ, ಮನೆಯ ಸಾಲ, ಆಸ್ಪತ್ರೆಯ ಖರ್ಚು ಯಾವುದೂ 58 ವರ್ಷದವರೆಗೆ ಕಾಯುವುದಿಲ್ಲ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಹೊಸೂರು ರಸ್ತೆಯಲ್ಲೂ ನಮ್ಮ ತುಮಕೂರು ರಸ್ತೆಯಲ್ಲೂ ಬಂದು ನಿಂತರು. ಕಲ್ಲೂ ಬಿತ್ತು, ಲಾಠಿಯೂ ಬಿತ್ತು. 19ರಂದೇ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ದಿಲ್ಲಿಯ ಆಜ್ಞೆಯನ್ನು ಎರಡು ದಿನದಲ್ಲಿ ತಿರುಗಿಸಿದ ಈ ಹೆಂಗಸರಿಗೆ ಮಾತನಾಡಲು ಬಾರದು ಎನ್ನುವ ಧೈರ್ಯ ಯಾರಿಗಿದೆ?

ಆದರೆ ಕುರ್ಚಿಯ ಲೆಕ್ಕ ನೋಡಿ. ನಮ್ಮ ರಾಜ್ಯದಿಂದ ಸರೋಜಿನಿ ಮಹಿಷಿಯವರು ಧಾರವಾಡದಿಂದ ಗೆದ್ದು ಲೋಕಸಭೆಗೆ ಹೋದದ್ದು 1962ರಲ್ಲಿ, ಕಮಲಾದೇವಿಯವರು ಕಣಕ್ಕಿಳಿದ 36 ವರ್ಷಗಳ ನಂತರ. 2023ರ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳಿಗೆ ಗೆದ್ದ ಹೆಂಗಸರು 10 ಮಂದಿ. ಯಲಹಂಕ, ಹೆಬ್ಬಾಳ, ಯಶವಂತಪುರ ಮೂರರಲ್ಲೂ ಗೆದ್ದವರು ಗಂಡಸರೇ. ಅದೇ ವರ್ಷ ಮೂರನೆಯ ಒಂದು ಪಾಲು ಸ್ಥಾನ ಹೆಂಗಸರಿಗೆ ಎಂದು ಸಂವಿಧಾನಕ್ಕೆ ತಿದ್ದುಪಡಿಯಾಯಿತು. ಆದರೆ ಜನಗಣತಿ ಆಗಿ, ಕ್ಷೇತ್ರಗಳ ಮರುವಿಂಗಡಣೆ ಆದಮೇಲೆ ಎಂದು ಅದರಲ್ಲೇ ಬರೆದಿಟ್ಟರು. ನಗರಪಾಲಿಕೆಯಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಎಂಬ ಕಾನೂನಿದೆ. ಬೆಂಗಳೂರಿನಲ್ಲಿ 2015ರಲ್ಲಿ ಆರಿಸಿದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಐದು ವರ್ಷ ತುಂಬಿ, ಪಾಲಿಕೆಯನ್ನೇ ಐದು ಹೋಳು ಮಾಡುವವರೆಗೂ ಚುನಾವಣೆ ನಡೆಯಲಿಲ್ಲ. ಎಲೆ ಹಾಕಿ ಊಟ ಬಡಿಸದೆ ಕೂರಿಸಿದ ಹಾಗೆ.

ಸರ್ಕಾರವನ್ನು ಬೈದು ಕೈತೊಳೆದುಕೊಂಡರೆ ಸಾಲದು. ನಮ್ಮ ಕೈಯಲ್ಲಿರುವುದನ್ನು ನಾವು ಮಾಡಬೇಕು. ಒಂದು, ಮತದಾರರ ಪಟ್ಟಿಯಲ್ಲಿ ಮನೆಯ ಹೆಂಗಸರ ಹೆಸರು ಇದೆಯೇ, ಸರಿಯಾಗಿದೆಯೇ ಎಂದು ಈ ವಾರವೇ ನೋಡಿ. ಬಾಡಿಗೆ ಮನೆ ಬದಲಿಸಿದ ಕುಟುಂಬಗಳು ಇದನ್ನು ಮರೆಯಲೇಬಾರದು. ಎರಡು, ಕಾರ್ಮಿಕ ಸಂಘದ ಸಭೆಯನ್ನು ರಾತ್ರಿ ಎಂಟಕ್ಕೆ ಇಟ್ಟು ಹೆಂಗಸರು ಬರುವುದಿಲ್ಲ ಎಂದು ದೂರಬೇಡಿ. ಆ ಹೊತ್ತಿನಲ್ಲಿ ನಿಮ್ಮ ಅನ್ನ ಬೇಯಿಸುತ್ತಿರುವವರು ಅವರೇ. ಸಭೆ ಭಾನುವಾರ ಮಧ್ಯಾಹ್ನ ನಡೆಯಲಿ, ಮಕ್ಕಳನ್ನು ಆ ಎರಡು ಗಂಟೆ ಗಂಡಸರು ನೋಡಿಕೊಳ್ಳಲಿ. ಮೂರು, ವ್ಯಾಪಾರದ ಮಿತ್ರರೇ, 2014ರ ಬೀದಿ ವ್ಯಾಪಾರಿಗಳ ಕಾನೂನಿನ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯ ವ್ಯಾಪಾರಿ ಪ್ರತಿನಿಧಿಗಳಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು. ಹೂವು, ಸೊಪ್ಪು ಮಾರುವ ತಾಯಂದಿರು ಬಿಸಿಲಿನಲ್ಲಿ ಕೂತಿದ್ದಾರೆ. ಅವರ ಹೆಸರಿನಲ್ಲೇ ಗುರುತಿನ ಚೀಟಿ ಮಾಡಿಸಿ, ಆ ಸ್ಥಾನಗಳಿಗೆ ಅವರನ್ನೇ ನಿಲ್ಲಿಸಿ. ಗಂಡ ಸಹಿ ಹಾಕಿಸಿಕೊಂಡು ಅಧಿಕಾರ ನಡೆಸುವ ಆಟ ನಮ್ಮಲ್ಲಿ ಬೇಡ.

ತಾಯಂದಿರೇ, ಕೊನೆಯ ಮಾತು ನಿಮಗೆ. ಕಮಲಾದೇವಿಯವರಿಗೆ ಓಟು ಹಾಕಲಾಗದ ಆ ಕೂಲಿ ಹೆಂಗಸರ ಓಟು ಈಗ ನಿಮ್ಮ ಕೈಯಲ್ಲಿದೆ. ಅದನ್ನು ಸೀರೆಗೂ ನೋಟಿಗೂ ಕೊಡಬೇಡಿ, ಮನೆಯ ಯಜಮಾನರ ಬಾಯಿಗೂ ಕೊಡಬೇಡಿ. ಹಾಕುವುದು ಮಾತ್ರವಲ್ಲ, ನಿಲ್ಲುವುದೂ ನಿಮ್ಮ ಹಕ್ಕೇ. ಬರುವ ತಿಂಗಳು ಸಂಘದ ಕಾರ್ಯಸಮಿತಿಗೆ ಚುನಾವಣೆಯಿದೆ. ಅರ್ಜಿ ನಮೂನೆಗಳು ಇಲ್ಲೇ ಮೇಜಿನ ಮೇಲಿವೆ. ಅದರಲ್ಲಿ ಮೊದಲ ಸಾಲು ಹೆಸರಿನದು. ಯಾರ ಹೆಂಡತಿ, ಯಾರ ತಾಯಿ ಎಂದು ಬರೆಯಬೇಡಿ. ನಿಮ್ಮ ಹೆಸರನ್ನೇ ಬರೆಯಿರಿ.